ಹಳದಿ ನೊಣದ ಗುರುತು



ಕೋಥ್ರೂಡಿನ ಓದುಗಿಯೊಬ್ಬಳು ಈ ಸಲ ಒಂದು ಫೋಟೋ ಕಳಿಸಿದ್ದಾಳೆ. ಬಾಲ್ಕನಿಯ ಕುಂಡದಲ್ಲಿ ಹೂಬಿಟ್ಟ ಕೊತ್ತಂಬರಿ, ಅದರ ಮೇಲೊಂದು ಹಳದಿ ಹುಳ, ಹೊಟ್ಟೆಯ ಮೇಲೆ ಕಪ್ಪು ಪಟ್ಟೆ. ಪಕ್ಕದ ಹೀರೇಬಳ್ಳಿಯ ಎಳೆಗಾಯಿಗಳು ಕೊಳೆತು ಉದುರುತ್ತಿವೆಯಂತೆ. "ಇದು ಗಾಂಧೀಲಮಾಶಿಯೋ, ಫಳಮಾಶಿಯೋ? ಭಾನುವಾರ ಅಪ್ಪ ಔಷಧಿ ಹೊಡೆಯುತ್ತಾರೆ, ಬೇಗ ಹೇಳಿ" ಎಂದು ಬರೆದಿದ್ದಾಳೆ. ಪತ್ರಿಕೆ ಅಚ್ಚಾಗುವವರೆಗೆ ಭಾನುವಾರ ಕಾಯುವುದಿಲ್ಲವಲ್ಲ, ಅವಳಿಗೆ ಫೋನಿನಲ್ಲೇ ಹೇಳಿದ್ದಾಯಿತು. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಡಕು ಹೆಸರಿನದು. ಮರಾಠಿಯಲ್ಲಿ ಜೇನೂ ಮಾಶಿ, ಕಡಜವೂ ಮಾಶಿ. ನಮ್ಮ ಕನ್ನಡವೇನು ಕಡಿಮೆ? ಜೇನನ್ನು ನಾವೂ ಜೇನ್ನೊಣ ಎನ್ನುತ್ತೇವೆ. ವಿಜ್ಞಾನಿಗಳ ಲೆಕ್ಕ ಬೇರೆ. ನೊಣಕ್ಕೆ ಎರಡೇ ರೆಕ್ಕೆ. ಹಿಂದಿನ ಜೋಡಿ ಸವೆದು ಗದೆಯಂಥ ಪುಟ್ಟ ಗುಬುಟುಗಳಾಗಿ, ಹಾರುವಾಗ ಸಮತೋಲ ಕಾಯುತ್ತವೆ. ಜೇನು, ಕಡಜಗಳಿಗೆ ನಾಲ್ಕು ರೆಕ್ಕೆ. ಆದರೆ ಅವುಗಳ ಹಿಂದುಮುಂದಿನ ರೆಕ್ಕೆಗಳು ಕೊಕ್ಕೆಗಳಿಂದ ಸೇರಿಕೊಳ್ಳುವುದರಿಂದ ಫೋಟೋದಲ್ಲಿ ಎಣಿಸುವುದು ಕಷ್ಟ. ಆಗ ಮೀಸೆ ನೋಡಿ. ಕಡಜದ ಮೀಸೆ ಉದ್ದ. ನಮ್ಮ ಫೋಟೋದ ಪ್ರಾಣಿಗೆ ಮೊಂಡು ಮೀಸೆ, ತಲೆಯನ್ನೆಲ್ಲ ಆವರಿಸಿದ ಕಣ್ಣು. ಅಂದರೆ ಇದು ನೊಣವೇ! ಕುಟುಕುವ ಮುಳ್ಳಿಲ್ಲ, ಹಕ್ಕಿಗಳನ್ನು ಹೆದರಿಸಲು ಕಡಜದ ವೇಷ, ಅಷ್ಟೇ.

ಇನ್ನು ಯಾವ ನೊಣ? ಹೀರೆ, ಸೌತೆ, ಹಾಗಲಕಾಯಿಗಳನ್ನು ಕೆಡಿಸುವ ಹಣ್ಣುನೊಣದ ರೆಕ್ಕೆಯ ಅಂಚಿನಲ್ಲಿ ಕಂದು ಪಟ್ಟಿ ಇರುತ್ತದೆ, ಕೆಂಗಂದು ಬೆನ್ನಿನ ಮೇಲೆ ಹಳದಿ ಗೆರೆಗಳಿರುತ್ತವೆ. ಇದರ ರೆಕ್ಕೆ ಗಾಜಿನಂತೆ ತಿಳಿ. ಹೊಟ್ಟೆಯ ಮೇಲೆ ಒಂದು ದಪ್ಪ ಕಪ್ಪು ಪಟ್ಟೆ, ಜೊತೆಗೊಂದು ಸಣ್ಣ ಗೆರೆ. ಇದು ಹೂವಿನ ಮೇಲೆ ಗಾಳಿಯಲ್ಲಿ ನಿಂತಂತೆ ತೇಲುವ ಹೂನೊಣ, ಎಪಿಸಿರ್ಫಸ್ ಕುಲದ್ದು. 1776ರಲ್ಲಿ ಡಿ ಗೀರ್ ಹೆಸರಿಟ್ಟ ಎಪಿಸಿರ್ಫಸ್ ಬಾಲ್ಟಿಯಾಟಸ್ ಯುರೋಪಿನಿಂದ ಭಾರತದವರೆಗೂ ಇದೆ. ಆದರೆ ಅದೇ ಕುಲದ ದಾಯಾದಿಗಳೂ ನಮ್ಮ ದೇಶದಲ್ಲಿರುವುದರಿಂದ, ಮೇಲಿನಿಂದ ತೆಗೆದ ಒಂದೇ ಚಿತ್ರ ನೋಡಿ ಪೂರ್ತಿ ಹೆಸರು ಬರೆಯಲು ನಾನು ಒಪ್ಪುವುದಿಲ್ಲ. ಬಣ್ಣವನ್ನಂತೂ ನೆಚ್ಚಲೇಬೇಡಿ. ಕೋಶದಲ್ಲಿದ್ದಾಗ ಚಳಿ ಹೆಚ್ಚಿದ್ದರೆ ಅದೇ ನೊಣ ಹೆಚ್ಚು ಕಪ್ಪಾಗಿ ಹೊರಬರುತ್ತದೆ.

ಭಾರತದ ಹೂನೊಣಗಳ ಬಗ್ಗೆ 1923ರಲ್ಲಿ ದೊಡ್ಡ ಗ್ರಂಥ ಬರೆದ ಎನ್ರಿಕೊ ಬ್ರುನೆಟ್ಟಿ ವೃತ್ತಿಯಿಂದ ಸಂಗೀತಗಾರರು! ಹವ್ಯಾಸಕ್ಕೆ ಪದವಿ ಬೇಕಿಲ್ಲ ನೋಡಿ. ನಮ್ಮ ಆಕುರ್ಡಿಯಲ್ಲೇ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರವಿದೆ ಎಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮುಂದೆ ಫೋಟೋ ತೆಗೆಯುವಾಗ ಮೇಲಿನಿಂದ, ಪಕ್ಕದಿಂದ, ಮುಖದೆದುರಿನಿಂದ ಹೀಗೆ ಮೂರು ತೆಗೆಯಿರಿ. ತಾರೀಖು, ಜಾಗ, ಗಿಡದ ಹೆಸರು ಬರೆದಿಡಿ.

ಔಷಧಿಯ ಮಾತು. ಈ ನೊಣದ ಮರಿಹುಳು ಜಿಗಣೆಯಂತೆ ಕಾಣುತ್ತದೆ, ಕಾಲಿಲ್ಲ, ಅಸಹ್ಯವೆಂದು ಹೊಸಕಿಬಿಡುತ್ತೇವೆ. ಅದು ತಿನ್ನುವುದು ಎಲೆಯನ್ನಲ್ಲ, ಎಲೆಯ ರಸ ಹೀರುವ ಸಸ್ಯಹೇನುಗಳನ್ನು, ಅದೂ ನೂರಾರು. ವಿಷ ಹೊಡೆದರೆ ಮೊದಲು ಸಾಯುವುದು ಈ ಕಾವಲುಗಾರನೇ. ಹಾಗಾದರೆ ಕಾಯಿ ಕೊಳೆಸಿದ್ದು ಯಾರು? ಒಂದನ್ನು ಕೊಯ್ದು ನೋಡು ಎಂದೆ. ಒಳಗೆ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವಂತೆ. ಹಣ್ಣುನೊಣದ ಕೆಲಸ, ಅದು ಫೋಟೋಕ್ಕೆ ಸಿಕ್ಕಿರಲಿಲ್ಲ. ಹುಳುಬಿದ್ದ ಕಾಯಿಗಳನ್ನೆಲ್ಲ ಕಿತ್ತು ನಾಶಮಾಡಿ, ಹೊಸ ಎಳೆಗಾಯಿಗಳಿಗೆ ಕಾಗದದ ಚೀಲ ಕಟ್ಟಿದ್ದಾರೆ. ಔಷಧಿಯ ಡಬ್ಬಿ ಒಡೆಯದೆ ಅಂಗಡಿಗೆ ವಾಪಸ್ಸಾಗಿದೆ.