ಅಣಕು ವಸ್ತು ಎಲ್ಲಿಯವರೆಗೆ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರೋಗ್ರಾಮಿನ ಮಾತೇಕೆ ಎಂದು ವಾಚಕರು ಕೇಳಬಹುದು. ಈ ವರ್ಷ ನಮ್ಮ ಗ್ರಂಥಾಲಯದಲ್ಲಿ ತಪ್ಪು ದಂಡದ ಚೀಟಿ ಪಡೆದ ಸಹಪಾಠಿಗಳು ಕೇಳಲಾರರು. ಆ ಚೀಟಿಗಳಿಗೆ ಹೊಣೆಗಾರರಲ್ಲಿ ನಾನೂ ಒಬ್ಬ.

ಗಣಕದ ಪತ್ರಿಕೆಯ ಅಭ್ಯಾಸಕ್ಕೆಂದು ನಾವು ಮೂವರು ಪೈಥಾನ್ ಭಾಷೆಯಲ್ಲಿ ಪುಸ್ತಕದ ದಂಡ ಲೆಕ್ಕ ಹಾಕುವ ಪ್ರೋಗ್ರಾಂ ಬರೆದೆವು. ವಾಯಿದೆ 15 ದಿನ. ಮೀರಿದರೆ ದಿನಕ್ಕೆ 1 ರೂಪಾಯಿ. ಪ್ರೋಗ್ರಾಮಿನ ಒಂದೊಂದು ಸಣ್ಣ ಭಾಗವನ್ನೂ ಬೇರೆಯಾಗಿ ಒರೆಗೆ ಹಚ್ಚುವುದಕ್ಕೆ ಯೂನಿಟ್ ಟೆಸ್ಟ್ ಎನ್ನುತ್ತಾರೆ. ತೊಡಕು ಬಂದದ್ದು 'ಇವತ್ತು' ಎಂಬ ಮಾತಿನಿಂದ. ಸೋಮವಾರ ಸರಿಯೆಂದ ಪರೀಕ್ಷೆ ಮಂಗಳವಾರ ತಪ್ಪೆನ್ನುತ್ತಿತ್ತು. ದಂಡ ಒಂದು ರೂಪಾಯಿ ಏರಿರುತ್ತಿತ್ತಷ್ಟೆ.

ಇದಕ್ಕೆ ಮದ್ದು ಮಾಕ್, ಅಂದರೆ ಅಣಕು ವಸ್ತು. ನಮ್ಮೂರ ಬಯಲಾಟದ ತಾಲೀಮಿಗೆ ಭೀಮನ ಪಾತ್ರದವನು ಹೊಲದಿಂದ ಬಾರದಿದ್ದರೆ ಯಾವನೋ ಹುಡುಗನನ್ನು ನಿಲ್ಲಿಸಿ ಆ ಮಾತು ಹೇಳಿಸುತ್ತಾರೆ. ದುರ್ಯೋಧನನ ಅಭ್ಯಾಸ ನಿಲ್ಲುವುದಿಲ್ಲ. ಹಾಗೆಯೇ ನಿಜವಾದ ಕ್ಯಾಲೆಂಡರಿನ ಬದಲು ನಾವು ಹೇಳಿಕೊಟ್ಟ ತಾರೀಖನ್ನು ಒಪ್ಪಿಸುವುದು ಅಣಕಿನ ಕೆಲಸ. 2000ದಲ್ಲಿ ಟಿಮ್ ಮೆಕಿನನ್, ಸ್ಟೀವ್ ಫ್ರೀಮನ್, ಫಿಲಿಪ್ ಕ್ರೇಗ್ ಎಂಬ ಮೂವರು ಈ ವಿಧಾನವನ್ನು ಪ್ರಬಂಧವಾಗಿ ಮಂಡಿಸಿದರು. ಜಾವಾದವರಿಗೆ ಮಾಕಿಟೊ ಇದೆ. ಪೈಥಾನಿನಲ್ಲಿ 2012ರ 3.3ನೆಯ ಆವೃತ್ತಿಯಿಂದ ಇದು ಭಾಷೆಯ ಜೊತೆಗೇ ದೊರೆಯುತ್ತದೆ, ಕಾಸಿನ ಖರ್ಚಿಲ್ಲ.

ಸುಲಭವಾಗಿ ಸಿಕ್ಕಿದ್ದೇ ಕೆಡುಕಾಯಿತು. ತಾರೀಖಿಗೆ ನಿಲ್ಲದೆ, ನಾವೇ ಬರೆದ ದಾಖಲೆಯ ಭಾಗಕ್ಕೂ ಅಣಕು ಹೂಡಿದೆವು. ಆ ಭಾಗ ಮೊದಲು ಪುಸ್ತಕ ಹಿಂತಿರುಗಿಸಬೇಕಾದ ದಿನವನ್ನು ಹೇಳುತ್ತಿತ್ತು. ಗೆಳೆಯನೊಬ್ಬ ಅದನ್ನು ತಿದ್ದಿ ಪುಸ್ತಕ ಒಯ್ದ ದಿನವನ್ನು ಹೇಳುವಂತೆ ಮಾಡಿದ; ದಂಡದ ಲೆಕ್ಕವನ್ನು ತಿದ್ದಲು ಮರೆತ. ಅಣಕಿಗೆ ಇದು ಹೇಗೆ ತಿಳಿಯಬೇಕು? ಅದು ಹಳೆಯ ಪಾಠವನ್ನೇ ಒಪ್ಪಿಸಿತು. 40 ಪರೀಕ್ಷೆಗಳೂ ತೇರ್ಗಡೆ! ಗ್ರಂಥಾಲಯದ ಮೇಜಿನ ಮುಂದೆ ಮಾತ್ರ, ಕೊನೆಯ ದಿನ ಸರಿಯಾಗಿ ಪುಸ್ತಕ ತಂದವರಿಗೆ 15 ರೂಪಾಯಿ ದಂಡ ಬಿತ್ತು. ಮನೆಯಲ್ಲಿ ಮೊದಲಬಾರಿಗೆ ಕಾಲೇಜು ಕಂಡ ನನ್ನಂಥವರಿಗೆ 15 ರೂಪಾಯಿ ಎಂದರೇನೆಂದು ಗೊತ್ತು. ಒಬ್ಬಳು, ಯಂತ್ರ ಸುಳ್ಳು ಹೇಳೀತೇ ಎಂದುಕೊಂಡು, ಮಾತಾಡದೆ ಕಟ್ಟಿ ಹೋದಳು. ಮರುದಿನ ಹಣ ಹಿಂದಕ್ಕೆ ಕೊಡುವಾಗ ನನಗೆ ತಲೆಯೆತ್ತಲಾಗಲಿಲ್ಲ.

ಇನ್ನು ಅಣಕೇ ಬೇಡವೆಂದು ಆ ಗೆಳೆಯ ಹಟ ಹಿಡಿದ. ನಾನು ಒಪ್ಪಲಾರೆ. ತಾರೀಖು, ಎಸ್ಸೆಮ್ಮೆಸ್ ಕಳುಹಿಸುವ ಸೇವೆ, ಇಂಥ ನಮ್ಮ ಕೈಯಲ್ಲಿಲ್ಲದವುಗಳಿಗೆ ಅಣಕು ಬೇಕೇ ಬೇಕು. ಪರೀಕ್ಷೆ ನಡೆದಾಗಲೆಲ್ಲ ಇಡೀ ಕಾಲೇಜಿಗೆ ಸಂದೇಶ ಹೋದರೆ ಗತಿಯೇನು? ನಾವೇ ಬರೆದ, ಕ್ಷಣದಲ್ಲಿ ಕೆಲಸ ಮುಗಿಸುವ ಭಾಗಗಳಿಗಾದರೋ ನಿಜವಾದದ್ದೇ ಇರಲಿ. ದಾಖಲೆಗೆ ನಾಲ್ಕು ಸಾಲಿನ ಒಂದು ಫೈಲು ಸಾಕು. ಅಣಕಿಗೆ ಆಟೋಸ್ಪೆಕ್ ಎಂಬ ಕಡಿವಾಣ ಹಾಕುವ ಅನುಕೂಲವೂ ಉಂಟು. ನಿಜವಸ್ತುವಿನಲ್ಲಿ ಇಲ್ಲದ ಹೆಸರನ್ನು ಕರೆದರೆ ಅದು ಕೂಡಲೆ ತಪ್ಪೆನ್ನುತ್ತದೆ. ಆದರೆ ಅದು ಹೆಸರನ್ನು ನೋಡೀತು, ಎಣಿಕೆಯನ್ನು ನೋಡೀತು, ಅರ್ಥವನ್ನು ನೋಡದು. ನಮ್ಮ ತಪ್ಪು ಅದಕ್ಕೂ ಸಿಕ್ಕುತ್ತಿರಲಿಲ್ಲ.

ಈಗ ಅಣಕು ಇರುವುದು ತಾರೀಖಿನ ಜಾಗದಲ್ಲಿ ಮಾತ್ರ. ದಾಖಲೆಯ ಪರೀಕ್ಷೆಗಳನ್ನು ಹೊಸದಾಗಿ ಬರೆಯುತ್ತಿದ್ದೇವೆ, 11 ಮುಗಿದಿವೆ. ಅಲ್ಲಿಯವರೆಗೆ ಗ್ರಂಥಪಾಲಕರು ತಮ್ಮ ಕೈಬರಹದ ರಿಜಿಸ್ಟರನ್ನೇ ನೆಚ್ಚಿಕೊಂಡಿದ್ದಾರೆ.