ಕೈ ದಾಟಿದಷ್ಟೂ ಬಾಳುವ ಪುಸ್ತಕ

ಪರೀಕ್ಷೆಯ ಕೊನೆಯ ದಿನ ಮಕ್ಕಳು ಮನೆಗೆ ಬಂದು ಚೀಲ ಎಸೆದರೆಂದರೆ ಆ ವರ್ಷದ ಪಠ್ಯಪುಸ್ತಕಗಳ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಕೆಲವು ದಿನ ಅವು ಮಂಚದ ಕೆಳಗಿರುತ್ತವೆ. ಆಮೇಲೆ ಅಟ್ಟ ಸೇರುತ್ತವೆ. ಹಬ್ಬಕ್ಕೆ ಮನೆ ಗುಡಿಸುವಾಗ ಹಳೆಯ ಪತ್ರಿಕೆಗಳ ಜೊತೆ ತಕ್ಕಡಿ ಏರುತ್ತವೆ. ನೂರಾರು ರೂಪಾಯಿ ಕೊಟ್ಟು ಕೊಂಡ ಪುಸ್ತಕಕ್ಕೆ ಆಗ ಸಿಗುವುದು ಕಿಲೋ ಲೆಕ್ಕದ ಬೆಲೆ. ಭೌತಶಾಸ್ತ್ರಕ್ಕೂ ಹಳೆಯ ಕ್ಯಾಲೆಂಡರಿಗೂ ಅಲ್ಲಿ ಒಂದೇ ದರ.

ಅದೇ ಬೀದಿಯಲ್ಲಿ, ನಾಲ್ಕು ಮನೆ ಆಚೆ, ಪ್ರಥಮ ಪಿಯುಸಿಗೆ ಸೇರಿದ ಮಗಳ ಪುಸ್ತಕದ ಪಟ್ಟಿ ಹಿಡಿದು ತಂದೆ ಲೆಕ್ಕ ಹಾಕುತ್ತಿರಬಹುದು. ಶುಲ್ಕ ಕಟ್ಟಿಯಾಗಿದೆ, ಸಮವಸ್ತ್ರ ಹೊಲಿಸಬೇಕು, ಬಸ್ ಪಾಸ್ ಆಗಬೇಕು. ಪುಸ್ತಕ ಮುಂದಿನ ತಿಂಗಳು ನೋಡೋಣ ಎಂದು ಪಟ್ಟಿ ಮಡಚಿ ಜೇಬಿಗೆ ಹೋಗುತ್ತದೆ. ಅಟ್ಟದ ಮೇಲಿನ ಪುಸ್ತಕಕ್ಕೂ ಈ ಪಟ್ಟಿಗೂ ಭೇಟಿಯೇ ಆಗುವುದಿಲ್ಲ. ಪುಸ್ತಕವಿಲ್ಲದೆ ಕಳೆದ ಮೊದಲ ಎರಡು ತಿಂಗಳ ಪಾಠವನ್ನು ಆ ಹುಡುಗಿ ವರ್ಷವಿಡೀ ಬೆನ್ನಟ್ಟಬೇಕಾಗುತ್ತದೆ.

ಈ ಭೇಟಿ ಹಿಂದೆ ತಾನಾಗಿಯೇ ಆಗುತ್ತಿತ್ತು. ಫಲಿತಾಂಶ ಬಂದ ದಿನವೇ ಮೇಲಿನ ತರಗತಿಯವರ ಮನೆಗೆ ಹೋಗಿ ಪುಸ್ತಕ ಮಾತಾಡಿ ಬರುವುದು ವಾಡಿಕೆ. ಚೆನ್ನಾಗಿದ್ದರೆ ಮುಕ್ಕಾಲು ಬೆಲೆ, ಸವೆದಿದ್ದರೆ ಅರ್ಧ ಬೆಲೆ, ಬಂಧುಗಳಾದರೆ ಪುಕ್ಕಟೆ. ಒಂದೇ ಪುಸ್ತಕದ ಮೊದಲ ಪುಟದಲ್ಲಿ ಅಣ್ಣ, ತಂಗಿ, ಚಿಕ್ಕಪ್ಪನ ಮಗ, ಹೀಗೆ ಮೂರು ನಾಲ್ಕು ಹೆಸರುಗಳು ಒಂದರ ಕೆಳಗೊಂದು ಇರುತ್ತಿದ್ದವು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆ ಇದ್ದೇ ಇತ್ತು. ಅಲ್ಲಿನ ಪಾದಚಾರಿ ಮಾರ್ಗದ ಹಳೆ ಪುಸ್ತಕದ ರಾಶಿಗಳಲ್ಲಿ ಹುಡುಕಿ, ಚೌಕಾಸಿ ಮಾಡಿ, ಎಂಜಿನಿಯರಿಂಗ್ ಮುಗಿಸಿದವರು ಎಷ್ಟೋ ಮಂದಿ.

ಈ ವಾಡಿಕೆ ಸಡಿಲಾಗಲು ಕಾರಣಗಳಿವೆ. ಹಲವು ಖಾಸಗಿ ಶಾಲೆಗಳು ಪುಸ್ತಕಗಳನ್ನು ಇಡೀ ಸೆಟ್ಟಾಗಿಯೇ ಕೊಡುತ್ತವೆ. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ ಎಂದು ಪುಸ್ತಕದಲ್ಲಿಯೇ ಬರೆಸುವುದರಿಂದ ವರ್ಷ ಕಳೆದ ಮೇಲೆ ಅವು ಇನ್ನೊಬ್ಬರಿಗೆ ಬರುವುದಿಲ್ಲ. ಪಠ್ಯವೂ ಬದಲಾಗುತ್ತಿರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ಸಂಕೋಚ. ನಮ್ಮ ಮಗುವಿಗೆ ಹಳೆಯ ಪುಸ್ತಕವೇ ಎಂದು ಪಡೆಯುವವರಿಗೆ ಅಳುಕು. ಕೊಟ್ಟರೆ ಅವರು ಏನೆಂದುಕೊಳ್ಳುತ್ತಾರೋ ಎಂದು ಕೊಡುವವರಿಗೂ ಅಳುಕು.

ಯಾವ ಪುಸ್ತಕ ದಾಟಿಸಬಹುದು?

ಕರ್ನಾಟಕದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಹತ್ತನೆಯ ತರಗತಿಯವರೆಗೆ ಪಠ್ಯಪುಸ್ತಕ ಉಚಿತ. ಹಾಗೆಂದು ಅಲ್ಲಿ ಹಳೆಯ ಪುಸ್ತಕಕ್ಕೆ ಬೆಲೆಯಿಲ್ಲ ಎನ್ನುವಂತಿಲ್ಲ. 2021ರಲ್ಲಿ ಕೋವಿಡ್ ಕಾಲದಲ್ಲಿ ಹೊಸ ಪುಸ್ತಕಗಳ ಪೂರೈಕೆ ತಡವಾದಾಗ, ಹಿಂದಿನ ಸಾಲಿನ ಮಕ್ಕಳಿಂದ ಪುಸ್ತಕ ಸಂಗ್ರಹಿಸಿ ಶಾಲೆಗಳಲ್ಲಿಯೇ ಪುಸ್ತಕ ಬ್ಯಾಂಕ್ ಮಾಡುವಂತೆ ಶಿಕ್ಷಣ ಇಲಾಖೆ ಸೂಚಿಸಿತ್ತು. ಇಂಥ ಒಂದು ಕಪಾಟು ಪ್ರತಿ ಶಾಲೆಯಲ್ಲಿದ್ದರೆ ವರ್ಷದ ನಡುವೆ ಸೇರುವ ವಲಸೆ ಕಾರ್ಮಿಕರ ಮಕ್ಕಳಿಗೂ ಅನುಕೂಲ.

ನಿಜವಾದ ಹೊರೆ ಬೀಳುವುದು ಎಸ್ಸೆಸ್ಸೆಲ್ಸಿ ದಾಟಿದ ಮೇಲೆ. ಪಿಯುಸಿ, ಪದವಿ, ಎಂಜಿನಿಯರಿಂಗ್, ನರ್ಸಿಂಗ್, ಸಿಇಟಿ ತಯಾರಿ, ಎಲ್ಲೆಡೆ ದಪ್ಪ ಪುಸ್ತಕ, ದಪ್ಪ ಬೆಲೆ. ಹೆಚ್ಚು ಕೈ ದಾಟಬಲ್ಲ ಪುಸ್ತಕಗಳೂ ಇವೇ. ರಾಜ್ಯದ ಪಿಯುಸಿ ವಿಜ್ಞಾನ ವಿಭಾಗದಲ್ಲಿ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯ ಬಂದಿದೆ. ಆದ್ದರಿಂದ ಸಿಬಿಎಸ್ಇ ಶಾಲೆಯ ಹನ್ನೊಂದು, ಹನ್ನೆರಡನೆಯ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪುಸ್ತಕಗಳು ಸರ್ಕಾರಿ ಪಿಯು ಕಾಲೇಜಿನ ವಿದ್ಯಾರ್ಥಿಗೂ ಉಪಯೋಗಕ್ಕೆ ಬರುತ್ತವೆ. ಶಾಲೆ ಬೇರೆ, ಬೋರ್ಡು ಬೇರೆ ಎಂದು ಹಿಂಜರಿಯಬೇಕಾಗಿಲ್ಲ.

ಆದರೆ ಮುದ್ರಣದ ವರ್ಷ ನೋಡುವುದನ್ನು ಮರೆಯಬಾರದು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯಭಾಗವನ್ನು ಕಡಿತಗೊಳಿಸಿತು. ಮರುವರ್ಷದ ಮುದ್ರಣ ಅದಕ್ಕೆ ತಕ್ಕಂತೆ ತೆಳುವಾಯಿತು. ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರದಿಂದ ಘನ ಸ್ಥಿತಿ, ಪಾಲಿಮರ್‌ಗಳಂಥ ಅಧ್ಯಾಯಗಳು ಹೋದವು. ಹನ್ನೊಂದನೆಯ ಗಣಿತದಿಂದ ಗಣಿತಾನುಗಮನ ತತ್ವ ಹೋಯಿತು. ಅದಕ್ಕೂ ಹಿಂದಿನ ಪುಸ್ತಕ ಕೈಗೆ ಬಂದರೆ ಎಸೆಯಬೇಕಿಲ್ಲ. ಕಾಲೇಜಿನ ಈಗಿನ ಪಠ್ಯಕ್ರಮದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಬೇಡದ ಅಧ್ಯಾಯಗಳಿಗೆ ಪೆನ್ಸಿಲಿನಲ್ಲಿ ಗುರುತು ಮಾಡಿದರೆ ಸಾಕು. ಅಧ್ಯಾಯಗಳ ಸಂಖ್ಯೆ ಹಿಂದುಮುಂದಾಗಿರುವುದನ್ನೂ ಬರೆದುಕೊಳ್ಳಬೇಕು. ಕೆಳಗಿನ ತರಗತಿಗಳ ಮಾತು ಬೇರೆ. ಎನ್‌ಸಿಇಆರ್‌ಟಿ 2024ರಲ್ಲಿ ಮೂರು ಮತ್ತು ಆರನೆಯ, 2025ರಲ್ಲಿ ನಾಲ್ಕು, ಐದು, ಏಳು ಮತ್ತು ಎಂಟನೆಯ ತರಗತಿಗಳ ಪುಸ್ತಕಗಳನ್ನು ಪೂರ್ತಿ ಹೊಸದಾಗಿ ತಂದಿದೆ. ಅದಕ್ಕೆ ಹಿಂದಿನವು ಪಾಠಕ್ಕೆ ಬಾರವು. ರಾಜ್ಯ ಪಠ್ಯದಲ್ಲಿ 2022 ಮತ್ತು 2023ರಲ್ಲಿ ಕನ್ನಡ, ಸಮಾಜ ವಿಜ್ಞಾನ ಪುಸ್ತಕಗಳು ಪರಿಷ್ಕರಣೆಗೆ ಒಳಗಾದದ್ದನ್ನೂ ನೆನಪಿಡಬೇಕು.

ನಿಘಂಟು, ಭೂಪಟ, ವ್ಯಾಕರಣ, ಕಥೆ ಪುಸ್ತಕಗಳಿಗೆ ಈ ಚಿಂತೆಯೇ ಇಲ್ಲ.

ಬೀದಿಯಲ್ಲೊಂದು ಪುಸ್ತಕ ಸಂತೆ

ಈ ಕೆಲಸಕ್ಕೆ ಸಂಘ ಬೇಕಿಲ್ಲ, ಸಭಾಪತಿ ಬೇಕಿಲ್ಲ. ಒಂದು ಜಗುಲಿ, ಒಂದು ಭಾನುವಾರ, ನಾಲ್ಕು ಮಂದಿ ಉತ್ಸಾಹಿ ವಿದ್ಯಾರ್ಥಿಗಳು ಸಾಕು. ಫಲಿತಾಂಶ ಬಂದ ಮೇಲೆ, ಕಾಲೇಜು ತೆರೆಯುವ ಮೊದಲು ದಿನ ಗೊತ್ತುಮಾಡಬೇಕು. ಜುಲೈಗೆ ಹೋದರೆ ಬಹುತೇಕರು ಹೊಸದನ್ನು ಕೊಂಡಾಗಿರುತ್ತದೆ. ಬಂದ ಪುಸ್ತಕಗಳನ್ನು ತರಗತಿವಾರು ಜೋಡಿಸಿ, ಹೆಸರು ಮತ್ತು ಮುದ್ರಣದ ವರ್ಷವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹಾಳೆ ಹರಿದಿದ್ದರೆ ಆ ದಿನವೇ ಅಂಟಿಸಬೇಕು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳು ಹಿಡಿಯದು ಎಂಬುದು ಬೈಂಡಿಂಗ್ ಮಾಡುವವರ ಹಳೆಯ ಅನುಭವ. ಮೈಲುತುತ್ತ ವಿಷವಾದ್ದರಿಂದ ಅದನ್ನು ದೊಡ್ಡವರೇ ಬೆರೆಸಬೇಕು. ಮೇಲೊಂದು ಕಂದು ಕಾಗದದ ಬೈಂಡು ಹಾಕಿದರೆ ಪುಸ್ತಕಕ್ಕೆ ಮತ್ತೆ ಕಳೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕೊಡುವ ಬಗೆ. ಬಡ ಮಕ್ಕಳಿಗೆ ಉಚಿತ ಎಂದು ಫಲಕ ಹಾಕಿದರೆ, ನಿಜವಾಗಿ ಬೇಕಾದವರು ಆ ಬೀದಿಗೇ ಬರುವುದಿಲ್ಲ. ತಂದವರೂ ಕೊಂಡೊಯ್ಯುವವರೂ ಒಂದೇ ಸಾಲಿನಲ್ಲಿ ನಿಲ್ಲುವಂತಿರಬೇಕು. ವೈದ್ಯರ ಮಗನೂ ಒಂದು ಹಳೆಯ ಪುಸ್ತಕ ಒಯ್ಯಲಿ, ಆಟೋ ಚಾಲಕರ ಮಗಳೂ ತನ್ನ ಎಸ್ಸೆಸ್ಸೆಲ್ಸಿ ಪುಸ್ತಕಗಳನ್ನು ತಂದುಕೊಡಲಿ. ಕೊಡಲು ಏನಾದರೂ ಇರುವವರಿಗೆ ಪಡೆಯಲು ಸಂಕೋಚವಿರುವುದಿಲ್ಲ. ವರ್ಷ ಮುಗಿದ ಮೇಲೆ ಹಿಂದಿರುಗಿಸಬೇಕು ಎಂಬ ಒಂದೇ ಷರತ್ತು ಇಟ್ಟರೆ ಅದು ದಾನವಲ್ಲ, ಸರದಿಯಾಗುತ್ತದೆ.

ಸರದಿಯ ಈ ಕಲ್ಪನೆ ಹೊಸದೇನಲ್ಲ. ವೈದ್ಯಕೀಯ, ಎಂಜಿನಿಯರಿಂಗ್ ಓದುವ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ 1978-79ರಲ್ಲಿ ಪುಸ್ತಕ ಬ್ಯಾಂಕ್ ಯೋಜನೆ ತಂದಾಗ, ಒಂದು ಸೆಟ್ಟನ್ನು ಒಬ್ಬರಿಗಿಂತ ಹೆಚ್ಚು ಮಂದಿ ಹಂಚಿಕೊಂಡು ಓದುವುದೇ ಅದರ ತಳಹದಿಯಾಗಿತ್ತು. ಕೇಂದ್ರೀಯ ವಿದ್ಯಾಲಯಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಪುಸ್ತಕ ದಾಟಿಸುವ ‘ಪುಸ್ತಕೋಪಹಾರ’ ನಡೆಯುತ್ತದೆ. ಗ್ರಂಥಾಲಯ ವಿಜ್ಞಾನದ ಪಿತಾಮಹ, ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗೆ ಎಂಬುದು. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇದ್ದೇ ಇದ್ದಾನೆ ಎನ್ನುತ್ತದೆ ಇನ್ನೊಂದು.

ಮೈಸೂರಿನ ರಾಜೀವನಗರದಲ್ಲಿ ಕೂಲಿ ಕೆಲಸ ಮಾಡುತ್ತಲೇ ಸೈಯದ್ ಇಸಾಕ್ ನಡೆಸುತ್ತಿದ್ದ ಸಾರ್ವಜನಿಕ ಗ್ರಂಥಾಲಯ ಈ ಮಾತಿಗೆ ಸಾಕ್ಷಿ. ತಮಗೆ ದಕ್ಕದ ಓದು ಬೀದಿಯ ಇತರರಿಗಾದರೂ ದಕ್ಕಲಿ ಎಂಬುದು ಅವರ ಹಂಬಲ. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಗಿ ಸುಮಾರು 11,000 ಪುಸ್ತಕಗಳು ಬೂದಿಯಾದವು. ಸುದ್ದಿ ತಿಳಿದು ಎಲ್ಲೆಲ್ಲಿಂದಲೋ ಜನ ಪುಸ್ತಕ, ಹಣ ಕೊಡಲು ಮುಂದೆ ಬಂದರು. ಕೊಡುವ ಮನಸ್ಸಿಗೆ ನಮ್ಮಲ್ಲಿ ಬರವಿಲ್ಲ. ಆ ಮನಸ್ಸು ಎಚ್ಚರಗೊಳ್ಳಲು ಬೆಂಕಿಯೇ ಬೀಳಬೇಕಿಲ್ಲ.

ಉಳಿದ ಹಾಳೆಗಳು

ಯಾರಿಗೂ ಬಾರದ ಪುಸ್ತಕ, ಬರೆದು ಮುಗಿದ ನೋಟ್‌ಬುಕ್ ರದ್ದಿಗೆ ಹೋಗಲಿ, ತಪ್ಪಿಲ್ಲ. ಕಾಗದದ ನಾರನ್ನು ಸುಮಾರು ಐದರಿಂದ ಏಳು ಸಲ ಮರುಬಳಕೆ ಮಾಡಬಹುದು. ಪ್ರತಿ ಸಲವೂ ನಾರು ಗಿಡ್ಡವಾಗಿ ಕೊನೆಗೆ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ರದ್ದಿ ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ. ತೂಕಕ್ಕೆ ಹಾಕುವ ಮೊದಲು ನೋಟ್‌ಬುಕ್ಕುಗಳ ಖಾಲಿ ಹಾಳೆ ಬಿಡಿಸಿ, ದಬ್ಬಣದಲ್ಲಿ ಹೊಲಿದು ರಫ್ ಪುಸ್ತಕ ಮಾಡಿಕೊಳ್ಳುವುದು ಅಜ್ಜಿಯರ ಕಾಲದಿಂದ ಬಂದ ಜಾಣ್ಮೆ. ಮಕ್ಕಳಿಗೆ ರಜೆಯಲ್ಲಿ ಇದಕ್ಕಿಂತ ಒಳ್ಳೆಯ ಕೈಕೆಲಸ ಬೇರೆಯಿಲ್ಲ.

ವಿದ್ಯಾರ್ಥಿಗಳು ಈ ವರ್ಷದ ಆರಂಭದಲ್ಲಿಯೇ ಒಂದು ಅಭ್ಯಾಸ ಬೆಳೆಸಿಕೊಳ್ಳಲಿ: ಪಠ್ಯಪುಸ್ತಕದಲ್ಲಿ ಪೆನ್ನು ಆಡಿಸದೆ ಪೆನ್ಸಿಲಿನಲ್ಲಿಯೇ ಗುರುತು ಹಾಕುವುದು. ಮುಂದಿನ ಜೂನ್‌ನಲ್ಲಿ ಆ ಪುಸ್ತಕ ತೆರೆಯುವ ಇನ್ನೊಂದು ಮಗುವಿಗೆ ಅದು ಈಗಲೇ ಮಾಡುವ ಉಪಕಾರ. ತಂದೆತಾಯಂದಿರು ಮಾಡಬೇಕಾದುದು ಇನ್ನೂ ಸುಲಭ. ಅಟ್ಟಕ್ಕೆ ಏಣಿ ಹಾಕಿ, ಅಲ್ಲಿರುವುದನ್ನು ಒಮ್ಮೆ ಕೆಳಗಿಳಿಸಿ ನೋಡಿದರೆ ಸಾಕು.