ಗುಳೆಯ ನಾಡಿನಲ್ಲಿ ಪಾಲಕರ ಶಿಕ್ಷಣ

ಮಕ್ಕಳ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯಗಳು ನಡೆದ ಮೇಲೆ ಶಿಕ್ಷಿಸುವುದು ಕಾನೂನಿನ ಕೆಲಸ; ನಡೆಯದಂತೆ ನೋಡಿಕೊಳ್ಳುವುದು ಪಾಲಕರ ಶಿಕ್ಷಣದ ಉದ್ದೇಶ. ಹೊಡೆಯದೆ ಶಿಸ್ತು ಕಲಿಸುವುದು, ಮಗುವಿನ ವಯಸ್ಸಿಗೆ ಮೀರಿದ್ದನ್ನು ಅದರಿಂದ ಬಯಸದಿರುವುದು, ಸಿಟ್ಟು ನೆತ್ತಿಗೇರಿದಾಗ ತಡೆದುಕೊಳ್ಳುವುದು, ಮಗುವಿನೊಡನೆ ದಿನವೂ ಮಾತಾಡುವುದು ಇದರ ಮುಖ್ಯ ಪಾಠಗಳು.

ಇಂಥ ಶಿಕ್ಷಣ ಫಲ ಕೊಡುತ್ತದೆ ಎನ್ನಲು ಆಧಾರವಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಎಲ್ಮೈರಾ ಪ್ರದೇಶದಲ್ಲಿ ಸಂಶೋಧಕ ಡೇವಿಡ್ ಓಲ್ಡ್ಸ್ ಒಂದು ಪ್ರಯೋಗ ಆರಂಭಿಸಿದರು. ದಾದಿಯರು ಚೊಚ್ಚಲ ಬಸುರಿಯರ ಮನೆಗೆ ಹೋಗತೊಡಗಿ, ಮಗುವಿಗೆ ಎರಡು ವರ್ಷ ತುಂಬುವವರೆಗೂ ಜೊತೆಗಿದ್ದರು. ಹದಿನೈದು ವರ್ಷಗಳ ಬಳಿಕ ನೋಡಿದಾಗ ಆ ಕುಟುಂಬಗಳಲ್ಲಿ ದೌರ್ಜನ್ಯ, ನಿರ್ಲಕ್ಷ್ಯದ ಪ್ರಕರಣಗಳು ಉಳಿದವರಿಗಿಂತ ಕಡಿಮೆಯಿದ್ದವು. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮಾರ್ಗಸೂಚಿಯಲ್ಲಿ ಇಂಥ ಕಾರ್ಯಕ್ರಮಗಳನ್ನು ಶಿಫಾರಸು ಮಾಡಿದೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಮಕ್ಕಳ ಪಾಲನೆಯ ಪ್ರಶ್ನೆಗೆ ಬೇರೆಯೇ ಮುಖವಿದೆ. ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ಬೆಳೆ ಕೈಕೊಟ್ಟರೆ ಬಡವರು ಕೂಲಿ ಅರಸಿ ಗುಳೆ ಹೋಗುತ್ತಾರೆ. ಮಕ್ಕಳು ಜೊತೆಗೆ ಹೋದರೆ ಶಾಲೆ ತಪ್ಪುತ್ತದೆ. ಊರಲ್ಲೇ ಉಳಿದರೆ ಅಜ್ಜಿಯ ಮಡಿಲೇ ಗತಿ, ಇಲ್ಲವೇ ಅಕ್ಕನೇ ತಾಯಿಯಾಗಬೇಕು. ಹೊರಗಿನವರ ಕಣ್ಣಿಗೆ ಇದು ನಿರ್ಲಕ್ಷ್ಯ, ಮನೆಯವರಿಗೆ ಹೊಟ್ಟೆಪಾಡು.

ಹಾಗಿದ್ದರೆ ಬಡತನ ನೀಗಿದರೆ ಸಾಲದೆ, ತರಬೇತಿ ಏಕೆ ಎಂದು ಕೇಳಬಹುದು. ಸಾಲದು. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾದದ್ದು ಕಂಡುಬಂತು. ಉಂಡುಟ್ಟು ಸುಖವಾಗಿರುವ ಮನೆಗಳಲ್ಲೂ ಬೆತ್ತವಿದೆ. ಆದರೆ ಇದರ ಮರುಮುಖವೂ ನಿಜ: ಬೆಳಗಾದರೆ ಕೂಲಿಗೆ ಹೊರಡುವ ತಾಯಿಗೆ ಮಗುವಿನೊಡನೆ ಆಡಿ ಎಂದು ಬೋಧಿಸಿದರೆ ಅವಳಿಗೆ ಸಿಗುವುದು ನೆರವಲ್ಲ, ತಪ್ಪಿತಸ್ಥ ಭಾವ. ಪಾಠದ ಜೊತೆಗೆ ಬಿಡುವನ್ನೂ ಒದಗಿಸಬೇಕು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಈ ಕಾರಣಕ್ಕೆ ಮುಖ್ಯವಾಗುತ್ತದೆ.

ಪಾಠ ಹೇಳಲು ಹೊಸ ಇಲಾಖೆ ಬೇಕಿಲ್ಲ. ಅಂಗನವಾಡಿಯ ತಾಯಂದಿರ ಸಭೆ, ಬಾಲವಿಕಾಸ ಸಮಿತಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಈಗಾಗಲೇ ಇದ್ದಾರೆ. ಬದಲಾಗಬೇಕಾದದ್ದು ಮೂರು ಸಂಗತಿ. ಸಭೆಗೆ ತಾಯಿಯೊಬ್ಬಳನ್ನೇ ಕರೆದರೆ ಸಾಲದು. ಅಪ್ಪನೂ, ಮಗುವನ್ನು ನಿಜವಾಗಿ ಸಾಕುತ್ತಿರುವ ಅಜ್ಜಿಯೂ ಬರಬೇಕು. ಸಭೆಯ ದಿನವನ್ನು ಕಚೇರಿಯ ಕ್ಯಾಲೆಂಡರ್ ಅಲ್ಲ, ಗುಳೆ ಹೋದವರು ಮರಳುವ ಹಂಗಾಮು ಗೊತ್ತುಮಾಡಬೇಕು. ಮೂರನೆಯದು, ಹೆಣ್ಣುಮಕ್ಕಳ ವಿಷಯವನ್ನು ಮುಚ್ಚುಮರೆಯಿಲ್ಲದೆ ಎತ್ತಬೇಕು. ದೇವದಾಸಿ ಸಮರ್ಪಣೆಯನ್ನು ರಾಜ್ಯ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ. ಬಾಲ್ಯವಿವಾಹಕ್ಕೆ 2006ರ ಕೇಂದ್ರ ಕಾಯ್ದೆಯ ತಡೆಯಿದೆ. ಆದರೂ ಮುತ್ತು ಕಟ್ಟಿ ದೇವದಾಸಿಯಾಗಿಸುವ, ಎಳೆಯಳಿಗೆ ಮದುವೆ ಮಾಡುವ ತೀರ್ಮಾನ ಆಗುವುದು ಮನೆಯೊಳಗೆ, ಹಿರಿಯರ ಮಾತಿನಲ್ಲಿ. ಪೊಲೀಸರಿಗಿಂತ ಮೊದಲು ಅಲ್ಲಿಗೆ ತಲುಪಬಲ್ಲವಳು ಅದೇ ಓಣಿಯ ಅಂಗನವಾಡಿ ಕಾರ್ಯಕರ್ತೆ.

ಅಪಾಯದಲ್ಲಿರುವ ಮಗುವಿಗೆ 1098 ಸಹಾಯವಾಣಿ ಇದ್ದೇ ಇದೆ. ಆ ಕರೆ ಮಾಡುವ ಗಳಿಗೆಯೇ ಬಾರದಂತೆ ತಡೆಯಬೇಕಾದರೆ ಪಾಲಕರಿಗೆ ಬುದ್ಧಿಮಾತಿನಷ್ಟೇ ಆಸರೆಯೂ ದೊರೆಯಬೇಕು.